ಐದು ಪ್ರಶ್ನಾರ್ಥಕ ಚಿಹ್ನೆಗಳು

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಒಂದನೇ ತರಗತಿಯ ಮಗುವನ್ನು ಕೇಳಿದರೂ ಮೂರು ಎನ್ನುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಐದು: ಕ, ನ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ಇನ್ನೊಂದು ನ, ಕೊನೆಗೆ ಡ. ಅದನ್ನೇ ಡಿಸ್ಕಿನಲ್ಲಿ ಬರೆದಿಡಲು ಬೇಕಾಗುವುದು 15 ಬೈಟ್. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಹಿಡಿಯುತ್ತದೆ. ಮೂರು, ಐದು, ಹದಿನೈದರ ಈ ಲೆಕ್ಕ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಒಂದು ಸಂಜೆಯ ಅನಾಹುತದಿಂದ.

ಆಗ ನಾನು ಒಂದು ಸಣ್ಣ ಸಾಹಿತ್ಯ ಪತ್ರಿಕೆಯ ಜಾಲತಾಣವನ್ನು ನೋಡಿಕೊಳ್ಳುತ್ತಿದ್ದೆ. ಹಳೆಯ ಸಂಚಿಕೆಗಳ ಶೀರ್ಷಿಕೆಗಳನ್ನು ಅಕಾರಾದಿಯಾಗಿ ಜೋಡಿಸಬೇಕಿತ್ತು, ಕ್ರಮ ಸರಿಯಾಗಿ ಬರುತ್ತಿರಲಿಲ್ಲ. ಡೇಟಾಬೇಸಿನ ಅಕ್ಷರಸಂಕೇತ ಬದಲಿಸಿದರೆ ಸರಿಹೋಗಬಹುದು ಎಂದುಕೊಂಡು, ಓದುಗರು ನೋಡುತ್ತಿದ್ದ ತಾಣದ ಮೇಲೆಯೇ ಒಂದು ಸಾಲಿನ ಆದೇಶ ಓಡಿಸಿದೆ. ಪುಟ ಮತ್ತೆ ತೆರೆದಾಗ ‘ಕನ್ನಡ’ ಎಂದಿದ್ದ ಕಡೆಯೆಲ್ಲ ‘?????’. ಎಣಿಸಿದೆ. ಐದು.

ಆ ಐದು ಚಿಹ್ನೆಗಳ ಅರ್ಥ ಆಮೇಲೆ ತಿಳಿಯಿತು. ನಾನು ಆರಿಸಿದ್ದು ಲ್ಯಾಟಿನ್1 ಎಂಬ ಯುರೋಪಿನ ಭಾಷೆಗಳ ಸಂಕೇತಪಟ್ಟಿ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ತಾಣದ ಡೇಟಾಬೇಸ್ ಪ್ರೋಗ್ರಾಂ ಆದ ಹಳೆಯ ಮೈಎಸ್‌ಕ್ಯೂಎಲ್, ತನಗೆ ಬರೆಯಲಾಗದ ಪ್ರತಿ ಸಂಕೇತದ ಬದಲು ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಹೋಗಿತ್ತು. ಇಲ್ಲೊಂದು ಮುಖ್ಯ ಸಂಗತಿಯಿದೆ. ಪುಟದಲ್ಲಿ ‘ಕನ್ನಡ’ದ ಬದಲು ಹದಿನೈದು ಚಿತ್ರವಿಚಿತ್ರ ಗುರುತುಗಳು ಕಂಡರೆ ಹೆದರಬೇಕಿಲ್ಲ. ಬೈಟುಗಳು ಹಾಗೇ ಇವೆ, ಓದುವ ಪದ್ಧತಿ ಮಾತ್ರ ತಪ್ಪಿದೆ, ಸಾಮಾನ್ಯವಾಗಿ ಸರಿಪಡಿಸಬಹುದು. ಡೇಟಾಬೇಸಿನೊಳಗೇ ಐದು ಪ್ರಶ್ನಾರ್ಥಕ ಕೂತಿದ್ದರೆ ಮೂಲ ಅಕ್ಷರಗಳು ಅಲ್ಲಿಂದ ಹೊರಟುಹೋಗಿವೆ. ಬ್ಯಾಕಪ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿದ್ದ ಬ್ಯಾಕಪ್ ಹಳೆಯದು. ಉಳಿದ ಶೀರ್ಷಿಕೆಗಳನ್ನು ಮುದ್ರಿತ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಮತ್ತೆ ಟೈಪ್ ಮಾಡಿದೆವು.

ಅದೇ ಆದೇಶವನ್ನು ಮೊದಲು ನನ್ನ ಲ್ಯಾಪ್‌ಟಾಪಿನಲ್ಲಿ, ತಾಣದ ಒಂದು ಪ್ರತಿಯ ಮೇಲೆ ಓಡಿಸಿದ್ದರೆ ಪ್ರಶ್ನಾರ್ಥಕಗಳು ನನಗೊಬ್ಬನಿಗೇ ಕಾಣುತ್ತಿದ್ದವು. ನಾಟಕಕ್ಕೆ ತಾಲೀಮು ಇದ್ದ ಹಾಗೆ ಜಾಲತಾಣಕ್ಕೂ ತಾಲೀಮಿನ ಜಾಗ ಬೇಕು. ಅದು ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಸಿಗುತ್ತದೆ, ಕಾಸು ಖರ್ಚಿಲ್ಲ.

ಸರ್ವರ್ ಎಂದರೆ ಎಲ್ಲೋ ದೂರದ ತಣ್ಣನೆಯ ಕೋಣೆಯಲ್ಲಿ ಗುಂಯ್‌ಗುಡುವ ಯಂತ್ರ ಎಂಬ ಭಾವನೆ ಹಲವರಲ್ಲಿದೆ. ಮೂಲತಃ ಅದೊಂದು ಪ್ರೋಗ್ರಾಂ. ಯಾರಾದರೂ ಕೇಳುವವರೆಗೆ ಕಾದಿರುತ್ತದೆ, ಕೇಳಿದಾಗ ಪುಟ ಕೊಡುತ್ತದೆ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಸರ್ವರನ್ನು ನಡೆಸಿದ್ದು ತಮ್ಮ ನೆಕ್ಸ್ಟ್ ಕಂಪ್ಯೂಟರಿನಲ್ಲಿ. ಮೊದಲ ಬ್ರೌಸರ್ ಓಡಿದ್ದೂ ಅದೇ ಯಂತ್ರದಲ್ಲಿ. ಯಾರೂ ಅದನ್ನು ಆಫ್ ಮಾಡದಿರಲಿ ಎಂದು ‘ಇದು ಸರ್ವರ್’ ಎಂಬ ಎಚ್ಚರಿಕೆಯ ಚೀಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದರು. ಕೇಳುವ ಬ್ರೌಸರ್, ಕೊಡುವ ಸರ್ವರ್ ಎರಡೂ ಒಂದೇ ಯಂತ್ರದಲ್ಲಿರುವುದು ವೆಬ್‌ನ ಹುಟ್ಟಿನಿಂದಲೇ ಬಂದದ್ದು.

ಹಾಗಾದರೆ ಬ್ರೌಸರ್ ತನ್ನದೇ ಯಂತ್ರದ ಸರ್ವರನ್ನು ಹುಡುಕುವುದು ಹೇಗೆ? ಅದಕ್ಕೊಂದು ಮೀಸಲು ವಿಳಾಸವಿದೆ: 127.0.0.1. ಅದರ ಹೆಸರು ಲೋಕಲ್‌ಹೋಸ್ಟ್. ಈ ವಿಳಾಸಕ್ಕೆ ಕಳಿಸಿದ ಯಾವ ಸಂದೇಶವೂ ಕಂಪ್ಯೂಟರಿನಿಂದ ಆಚೆ ಹೋಗುವುದಿಲ್ಲ. ನೆಟ್‌ವರ್ಕ್ ಕಾರ್ಡನ್ನೂ ಮುಟ್ಟುವುದಿಲ್ಲ, ಆಪರೇಟಿಂಗ್ ಸಿಸ್ಟಮ್ ಅದನ್ನು ಒಳಗಿಂದೊಳಗೇ ತಿರುಗಿಸಿಬಿಡುತ್ತದೆ. ವೈಫೈ ಆಫ್ ಮಾಡಿ ನೋಡಿ, ನಿಮ್ಮ ತಾಣ ಲವಲೇಶವೂ ಅಲುಗದೆ ತೆರೆದುಕೊಳ್ಳುತ್ತದೆ. ಹಳೆಯ ಐಪಿ ಪದ್ಧತಿಯಲ್ಲಿ 127ರಿಂದ ಶುರುವಾಗುವ ವಿಳಾಸಗಳೆಲ್ಲವನ್ನೂ, ಅಂದರೆ 1,67,77,216 ವಿಳಾಸಗಳನ್ನು, ಈ ಒಂದೇ ಕೆಲಸಕ್ಕೆ ಎತ್ತಿಟ್ಟಿದ್ದಾರೆ. ವಿಳಾಸಗಳು ಯಥೇಚ್ಛವಾಗಿದ್ದ ಕಾಲದ ಧಾರಾಳತನ ಅದು. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ಇದಕ್ಕೆ ಒಂದೇ ಒಂದು ವಿಳಾಸ ಕೊಟ್ಟಿದ್ದಾರೆ, ಅದೇ ಸಾಕಾಗಿದೆ.

ಒಂದು ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿದರೂ ಬ್ರೌಸರಿನಲ್ಲಿ ತೆರೆಯುತ್ತದಲ್ಲ, ಸರ್ವರ್ ಯಾಕೆ ಎಂದು ಕೇಳಬಹುದು. ಬರೀ ಪುಟವಾದರೆ ಬೇಡ. ಆದರೆ ಇವತ್ತಿನ ಹೆಚ್ಚಿನ ತಾಣಗಳ ಪುಟಗಳು ಮೊದಲೇ ಬರೆದಿಟ್ಟವಲ್ಲ, ಕೇಳಿದ ಕ್ಷಣದಲ್ಲಿ ತಯಾರಾಗುವಂಥವು. ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಳಸುವ ತಾಣದಲ್ಲಿ ಪಿಎಚ್‌ಪಿ ಎಂಬ ಭಾಷೆಯ ಪ್ರೋಗ್ರಾಂ ಡೇಟಾಬೇಸಿನಿಂದ ಶೀರ್ಷಿಕೆ, ಲೇಖನ, ಲೇಖಕರ ಹೆಸರು ಎಲ್ಲ ಎತ್ತಿ ತಂದು ಪುಟ ಕಟ್ಟುತ್ತದೆ. ಬ್ರೌಸರಿಗೆ ಪಿಎಚ್‌ಪಿ ತಿಳಿಯದು, ಅದಕ್ಕೆ ತಲುಪುವುದು ಕಟ್ಟಿ ಮುಗಿದ ಪುಟ. ಆದ್ದರಿಂದ ತಾಲೀಮಿಗೆ ಮೂರು ಬೇಕು: ಅಪಾಚೆಯಂಥ ಸರ್ವರ್, ಪಿಎಚ್‌ಪಿ, ಒಂದು ಡೇಟಾಬೇಸ್. ಇವನ್ನೆಲ್ಲ ಕಟ್ಟಿ ಒಂದೇ ಪೊಟ್ಟಣದಲ್ಲಿ ಕೊಡುವ ಝಾಂಪ್ 2002ರಿಂದ ಉಚಿತವಾಗಿ ಸಿಗುತ್ತಿದೆ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅನುಸ್ಥಾಪಿಸಿ, ಅದರ ನಿಯಂತ್ರಣ ಫಲಕದಲ್ಲಿ ಅಪಾಚೆ ಮತ್ತು ಡೇಟಾಬೇಸ್ ಎರಡನ್ನೂ ಚಾಲೂ ಮಾಡಿ, ಎಚ್‌ಟಿಡಾಕ್ಸ್ ಎಂಬ ಫೋಲ್ಡರಿನಲ್ಲಿ ನಿಮ್ಮ ಫೈಲುಗಳನ್ನಿಟ್ಟು, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಟೈಪ್ ಮಾಡಿದರೆ ಆಯಿತು.

ಅಪಾಚೆ ಚಾಲೂ ಆಗದೆ ಮೊಂಡು ಹಿಡಿದರೆ ಹತ್ತರಲ್ಲಿ ಒಂಬತ್ತು ಸಲ ಪೋರ್ಟಿನ ಜಗಳ. ಪೋರ್ಟ್ ಎಂದರೆ ಬ್ಯಾಂಕಿನ ಕೌಂಟರ್ ಇದ್ದ ಹಾಗೆ: ಕಟ್ಟಡದ ವಿಳಾಸ ಒಂದೇ, ಒಳಗೆ ಕೆಲಸಕ್ಕೊಂದು ಕೌಂಟರ್. ಸಂಖ್ಯೆ 65535ರವರೆಗೆ ಹೋಗುತ್ತದೆ. ವೆಬ್ ಪುಟಗಳಿಗೆ 80, ಗೂಢಲಿಪಿಯ ಭದ್ರತೆಯುಳ್ಳ ಪುಟಗಳಿಗೆ 443, ಮೈಎಸ್‌ಕ್ಯೂಎಲ್‌ಗೆ 3306 ಎಂಬುದು ರೂಢಿ. 80ರಲ್ಲಿ ಬೇರೆ ಪ್ರೋಗ್ರಾಂ ಮೊದಲೇ ಕೂತಿದ್ದರೆ ಅಪಾಚೆಗೆ ಜಾಗ ಸಿಗದು. ಅದನ್ನು 8080ಕ್ಕೆ ಕೂರಿಸಿ, ಬ್ರೌಸರಿನಲ್ಲೂ ಲೋಕಲ್‌ಹೋಸ್ಟ್‌ನ ಮುಂದೆ ಕೋಲನ್ ಹಾಕಿ ಅದೇ ಸಂಖ್ಯೆ ಬರೆಯಿರಿ. ಇನ್ನೊಂದು ಎಚ್ಚರ: ಝಾಂಪ್‌ನ ಡೇಟಾಬೇಸಿಗೆ ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ. ಮನೆಯೊಳಗಿನ ತಾಲೀಮಿಗೆ ಅದು ಅನುಕೂಲ, ಆದರೆ ಅದನ್ನೇ ಇಂಟರ್ನೆಟ್ಟಿಗೆ ತೆರೆದಿಡುವುದು ಬೀಗವಿಲ್ಲದ ಮನೆಯ ಬಾಗಿಲು ತೆರೆದಿಟ್ಟ ಹಾಗೆ.

ಎರಡು ಮೂರು ತಾಣಗಳನ್ನು ನೋಡಿಕೊಳ್ಳುವವರಿಗೆ ಎಲ್ಲದಕ್ಕೂ ಲೋಕಲ್‌ಹೋಸ್ಟ್ ಎಂದರೆ ಗೊಂದಲ. ಆಗ ನೆರವಿಗೆ ಬರುವುದು ಹೋಸ್ಟ್ಸ್ ಎಂಬ ಪುಟ್ಟ ಫೈಲು. ಅದರಲ್ಲಿ ಒಂದು ಕಡೆ ವಿಳಾಸ, ಪಕ್ಕದಲ್ಲಿ ಹೆಸರು ಬರೆದರೆ ಮುಗಿಯಿತು, ಕಂಪ್ಯೂಟರ್ ಹೊರಗೆ ಯಾರನ್ನೂ ಕೇಳದೆ ಅದನ್ನೇ ನಂಬುತ್ತದೆ. ಈ ಫೈಲಿಗೆ ದೊಡ್ಡ ಚರಿತ್ರೆಯಿದೆ. ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಇಂಥದೇ ಒಂದು ಫೈಲಿನಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಕೈಯಾರೆ ತಿದ್ದಿ ಇಟ್ಟುಕೊಳ್ಳುತ್ತಿತ್ತು, ಉಳಿದವರು ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿ ಅದು ನಿಭಾಯಿಸಲಾಗದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರಿನಿಂದ ವಿಳಾಸ ಹುಡುಕಿಕೊಡುವ ಈಗಿನ ಡಿಎನ್ಎಸ್ ವ್ಯವಸ್ಥೆಯನ್ನು ರೂಪಿಸಿದರು. ಹಳೆಯ ಫೈಲು ಮಾತ್ರ ಪ್ರತಿ ಕಂಪ್ಯೂಟರಿನ ಮೂಲೆಯಲ್ಲಿ ಇವತ್ತಿಗೂ ಉಳಿದಿದೆ.

ಅದರಲ್ಲಿ ಯಾವ ಹೆಸರು ಬರೆಯಬೇಕು ಎನ್ನುವುದಕ್ಕೂ ಒಂದು ಪಾಠವಿದೆ. ಡಾಟ್ ಟೆಸ್ಟ್ ಎಂಬ ಕೊನೆಯನ್ನು 1999ರಲ್ಲೇ ಪರೀಕ್ಷೆಗೆಂದು ಮೀಸಲಿಟ್ಟಿದ್ದಾರೆ, ಅದನ್ನು ಯಾರಿಗೂ ಮಾರುವುದಿಲ್ಲ. ಆದರೆ ಬಹಳ ಜನ ಡಾಟ್ ಡೆವ್ ಬಳಸುತ್ತಿದ್ದರು. ಅದರ ಒಡೆತನ ಗೂಗಲ್‌ಗೆ ಹೋಯಿತು, 2017ರ ಡಿಸೆಂಬರಿನಲ್ಲಿ ಬಂದ ಕ್ರೋಮ್ 63 ಆ ಕೊನೆಯ ಎಲ್ಲ ತಾಣಗಳಿಗೂ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಭದ್ರತೆಯನ್ನು ಕಡ್ಡಾಯ ಮಾಡಿತು. ಆ ಭದ್ರತೆ ಇಲ್ಲದ ಎಷ್ಟೋ ತಾಲೀಮು ತಾಣಗಳು ಬ್ರೌಸರ್ ಅಪ್‌ಡೇಟ್ ಆದ ಮೇಲೆ ತೆರೆಯದಾದವು.

ಇಷ್ಟೆಲ್ಲ ಸಜ್ಜಾದ ಮೇಲೂ ತಾಲೀಮು ಸುಳ್ಳು ಹೇಳಬಹುದು. ನನಗೆ ಬಹಳ ಮುಖ್ಯ ಅನ್ನಿಸುವುದು ಈ ಸಂಗತಿಯೇ. ನಿಮ್ಮ ವಿಂಡೋಸ್ ಕಂಪ್ಯೂಟರ್ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎಂದು ಭೇದ ಮಾಡುವುದಿಲ್ಲ. ಫೈಲಿನ ಹೆಸರು ದೊಡ್ಡಕ್ಷರದಿಂದ ಶುರುವಾಗಿ, ಪುಟದಲ್ಲಿ ನೀವು ಚಿಕ್ಕಕ್ಷರ ಬರೆದಿದ್ದರೂ ಚಿತ್ರ ಕಾಣುತ್ತದೆ. ನಿಜವಾದ ತಾಣವಿರುವ ಸರ್ವರ್ ಬಹುಮಟ್ಟಿಗೆ ಲಿನಕ್ಸ್, ಅದಕ್ಕೆ ಅವು ಎರಡು ಬೇರೆ ಹೆಸರು. ಮನೆಯಲ್ಲಿ ಚೆನ್ನಾಗಿ ಕಂಡ ಚಿತ್ರಗಳೆಲ್ಲ ಅಲ್ಲಿ ಮಾಯ. ನನ್ನ ಪ್ರಶ್ನಾರ್ಥಕಗಳ ಕತೆಗೂ ಇದೇ ಮಾತು ಹೊಂದುತ್ತದೆ. ಮೈಎಸ್‌ಕ್ಯೂಎಲ್ 5.7ರಿಂದ ಈಚೆಗೆ ಕಟ್ಟುನಿಟ್ಟಿನ ಕ್ರಮವೇ ರೂಢಿ: ಬರೆಯಲಾಗದ ಅಕ್ಷರ ಬಂದರೆ ದೋಷ ತೋರಿಸಿ ನಿಂತುಬಿಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಆವೃತ್ತಿ, ಅತ್ತ ಹಳೆಯದು ಇದ್ದಿದ್ದರೆ ತಾಲೀಮು ‘ನಿಲ್ಲು’ ಎಂದು ಹೇಳುತ್ತಿತ್ತು. ತಲೆಕೆಳಗಾಗಿ, ಮನೆಯದು ಸಡಿಲ, ಅತ್ತಲಿನದು ಬಿಗಿ ಇದ್ದಿದ್ದರೆ ಇಲ್ಲಿ ದಾಟಿದ್ದು ಅಲ್ಲಿ ಎಡವುತ್ತಿತ್ತು. ಆದ್ದರಿಂದ ಹೋಸ್ಟಿಂಗ್ ಕಂಪನಿಯ ಫಲಕದಲ್ಲಿ ಪಿಎಚ್‌ಪಿ ಮತ್ತು ಡೇಟಾಬೇಸಿನ ಆವೃತ್ತಿ ನೋಡಿ ಬರೆದುಕೊಂಡು, ಮನೆಯಲ್ಲೂ ಅದನ್ನೇ ಇಟ್ಟುಕೊಳ್ಳಿ. 2013ರಲ್ಲಿ ಬಂದ ಡಾಕರ್ ಜನಪ್ರಿಯವಾದದ್ದು ಈ ಕಾರಣಕ್ಕೇ. ಯಾವ ಆವೃತ್ತಿ, ಯಾವ ಹೊಂದಿಕೆ ಎಂಬುದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟರೆ, ಯಾರ ಕಂಪ್ಯೂಟರಿನಲ್ಲಾದರೂ ಅದೇ ಪರಿಸರ ಎದ್ದು ನಿಲ್ಲುತ್ತದೆ. ಕಲಿಯಲು ಒಂದೆರಡು ವಾರ ಬೇಕು, ಕೊಟ್ಟ ಹೊತ್ತು ವ್ಯರ್ಥವಾಗದು.

ನಿಜವಾದ ತಾಣದ ಡೇಟಾಬೇಸನ್ನು ಇಲ್ಲಿಗೆ ನಕಲು ತರುವಾಗ ಇನ್ನೊಂದು ಹೊಂಡವಿದೆ, ಕನ್ನಡಿಗರು ಅದರಲ್ಲಿ ಬೇಗ ಬೀಳುತ್ತಾರೆ. ತಾಣದ ಹಳೆಯ ವಿಳಾಸ ಇದ್ದ ಕಡೆಯೆಲ್ಲ ಹೊಸ ವಿಳಾಸ ಹಾಕಬೇಕಲ್ಲ, ನೋಟ್‌ಪ್ಯಾಡಿನಲ್ಲಿ ಹುಡುಕಿ ಬದಲಿಸಿದರೆ ಆಯಿತು ಅನ್ನಿಸುತ್ತದೆ. ವರ್ಡ್‌ಪ್ರೆಸ್ ಎಷ್ಟೋ ಹೊಂದಿಕೆಗಳನ್ನು ಕಟ್ಟುಗಳಾಗಿ ಇಡುತ್ತದೆ, ಪ್ರತಿ ಪದದ ಮುಂದೆ ಅದರ ಉದ್ದವನ್ನೂ ಬರೆದಿರುತ್ತದೆ. ಉದ್ದದ ಲೆಕ್ಕ ಬೈಟಿನಲ್ಲಿ. ‘ಕನ್ನಡ’ ಎಂದಿದ್ದರೆ ಮುಂದೆ 15 ಎಂದಿರುತ್ತದೆ. ನೀವು ಕೈಯಲ್ಲಿ ಪದ ಬದಲಿಸಿ, ಉದ್ದವನ್ನು ಹಾಗೇ ಬಿಟ್ಟರೆ, ಅಥವಾ ಕಣ್ಣಿಗೆ ಕಂಡ ಅಕ್ಷರ ಎಣಿಸಿ 3 ಎಂದು ತಿದ್ದಿದರೆ, ಇಡೀ ಕಟ್ಟನ್ನೇ ಓದಲಾಗದೆ ಹೊಂದಿಕೆಗಳು ಕಳೆದುಹೋಗುತ್ತವೆ. ಉದ್ದವನ್ನೂ ಲೆಕ್ಕ ಹಾಕಿ ತಿದ್ದುವ ಸಲಕರಣೆಗಳಿವೆ, ಅವನ್ನೇ ಬಳಸಬೇಕು.

ನಕಲಿನ ಜೊತೆ ಓದುಗರ ಹೆಸರು, ಫೋನ್ ನಂಬರ್, ಇಮೇಲ್ ವಿಳಾಸವೂ ಬರುತ್ತವೆ. ಅವರು ಅದನ್ನು ಕೊಟ್ಟದ್ದು ಪತ್ರಿಕೆಗೆ, ನನ್ನ ಲ್ಯಾಪ್‌ಟಾಪಿಗಲ್ಲ. ತಂದ ತಕ್ಷಣ ಅವುಗಳ ಬದಲು ಕಲ್ಪಿತ ಹೆಸರು, ವಿಳಾಸ ತುಂಬಿಬಿಡುತ್ತೇನೆ. ಹಾಗೆ ಮಾಡಿದರೆ ಪರೀಕ್ಷೆಯ ಹೊತ್ತಿನಲ್ಲಿ ‘ಹೊಸ ಸಂಚಿಕೆ ಬಂದಿದೆ’ ಎಂಬ ಪತ್ರ ನಿಜವಾದ ಚಂದಾದಾರರಿಗೆ ಹೋಗುವ ಭಯವೂ ಇಲ್ಲ. ಹೊರಡುವ ಇಮೇಲನ್ನೆಲ್ಲ ಬಾಗಿಲಲ್ಲೇ ಹಿಡಿದು ನಿಮಗಷ್ಟೇ ತೋರಿಸುವ ಮೇಲ್‌ಪಿಟ್‌ನಂಥ ಪ್ರೋಗ್ರಾಮುಗಳೂ ಇವೆ.

ಎಲ್ಲ ಸಜ್ಜಾದ ಮೇಲೆ ನಾನು ಮೊದಲು ಮಾಡುವ ಕೆಲಸ ಒಂದೇ. ಒಂದು ಖಾಲಿ ಲೇಖನ ತೆರೆದು ಅದರಲ್ಲಿ ಮೂರು ಬರೆಯುತ್ತೇನೆ: ‘ಕನ್ನಡ’ ಎಂಬ ಪದ, ‘ರ‍್ಯಾಂಕ್’ ಎಂಬ ಪದ, ಕೊನೆಗೆ ಒಂದು ಇಮೋಜಿ. ಉಳಿಸಿ, ಬ್ರೌಸರ್ ಮುಚ್ಚಿ, ಮತ್ತೆ ತೆರೆದು ನೋಡುತ್ತೇನೆ. ‘ಕನ್ನಡ’ ಕೆಟ್ಟಿದ್ದರೆ ಅಕ್ಷರಸಂಕೇತದ ತಪ್ಪು. ‘ರ‍್ಯಾಂಕ್’ನಲ್ಲಿ ರಕಾರ ಪೂರ್ತಿಯಾಗಿ ನಿಲ್ಲಲು ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಬೇಕು. ಅದನ್ನು ಕಸವೆಂದು ಗುಡಿಸಿಹಾಕುವ ಪ್ರೋಗ್ರಾಮುಗಳಿವೆ, ಆಗ ಅದು ಅರ್ಕಾವತ್ತು ಹೊತ್ತ ‘ರ್ಯಾಂಕ್’ ಆಗಿ ಬರುತ್ತದೆ. ಇಮೋಜಿಗೆ ಸಾಮಾನ್ಯವಾಗಿ ನಾಲ್ಕು ಬೈಟ್ ಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8ಕ್ಕೆ ಮೂರೇ ಬೈಟಿನ ಮಿತಿ, ಹಾಗಾಗಿ ಅದರಲ್ಲಿ ಕನ್ನಡ ಹಿಡಿಸುತ್ತದೆ, ಇಮೋಜಿ ಹಿಡಿಸುವುದಿಲ್ಲ. ಸಡಿಲ ಕ್ರಮದಲ್ಲಿದ್ದರೆ ಇಮೋಜಿಯಿಂದ ಮುಂದಿನ ಬರಹವನ್ನೂ ಕತ್ತರಿಸಿಹಾಕುತ್ತದೆ. ಈ ಮಿತಿ ದಾಟಲು 2010ರಲ್ಲಿ ಬಂದ ಯುಟಿಎಫ್8ಎಂಬಿ4ನ್ನು ಆರಿಸಿಕೊಳ್ಳಬೇಕು. 2018ರ ಮೈಎಸ್‌ಕ್ಯೂಎಲ್ 8ರಿಂದ ಅದೇ ಪೂರ್ವನಿಯೋಜಿತ, ಅದಕ್ಕೂ ಹಿಂದೆ ಪೂರ್ವನಿಯೋಜಿತವಾಗಿದ್ದದ್ದು ಲ್ಯಾಟಿನ್1.

ಮೂರೂ ಬರೆದ ಹಾಗೇ ವಾಪಸು ಬಂದ ಮೇಲೆ ಸಂಚಿಕೆಗಳನ್ನು ಅಕಾರಾದಿಯಾಗಿ ಜೋಡಿಸುವ ಆ ಹಳೆಯ ಕೆಲಸಕ್ಕೆ ಕೂತೆ. ನಾಲ್ಕನೆಯ ಪ್ರಯತ್ನದಲ್ಲಿ ಸರಿಹೋಯಿತು. ಅದಕ್ಕೆ ಮೊದಲಿನ ಮೂರು ಸಲ ಪಟ್ಟಿ ಏರುಪೇರಾದದ್ದು 127.0.0.1ರಿಂದ ಆಚೆ ಯಾರಿಗೂ ಗೊತ್ತಾಗಲಿಲ್ಲ.