ಹಳೆಯ ರಾಗ, ಹೊಸ ವಾದ್ಯ

ಸಂಪ್ರದಾಯ, ನಾವೀನ್ಯ ಎಂಬ ಎರಡು ಮಾತುಗಳು ಬಂದಾಗಲೆಲ್ಲ ನಮ್ಮ ಸಂಗೀತ ರಸಿಕರು ಎರಡು ಪಕ್ಷಗಳಾಗಿ ಒಡೆಯುವುದುಂಟು. ಪೂರ್ವಿಕರು ಹಾಕಿದ ದಾರಿಯಿಂದ ಅಂಗುಲವೂ ಸರಿಯಕೂಡದೆಂಬುದು ಒಂದು ಪಕ್ಷ. ಕಾಲಕ್ಕೆ ತಕ್ಕಂತೆ ಮಾರ್ಪಡದ ಕಲೆಯು ಉಳಿಯಲಾರದೆಂಬುದು ಮತ್ತೊಂದು. ಈ ವಾದದ ಇತ್ಯರ್ಥಕ್ಕೆ, ಕರ್ಣಾಟಕ ಸಂಗೀತಕ್ಕೆ ಹೊರಗಿನಿಂದ ಬಂದ ವಾದ್ಯಗಳ ಚರಿತ್ರೆಯು ಬಹಳ ಸಹಾಯಕವೆಂದು ನಮಗೆ ತೋರುತ್ತದೆ.

ಪಿಟೀಲಿಲ್ಲದ ಗಾಯನ ಕಚೇರಿಯನ್ನು ಇಂದು ಊಹಿಸುವುದೇ ಕಷ್ಟ. ಆದರೆ ಈ ವಾದ್ಯವು ನಮ್ಮದಾಗಿ ಸುಮಾರು ಇನ್ನೂರು ವರ್ಷಗಳು ಮಾತ್ರ ಆಗಿವೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯರೊಬ್ಬರಿಂದ ಇದನ್ನು ಕಲಿತರು. ತಂಜಾವೂರಿನ ವಡಿವೇಲು ಅವರು ತಿರುವಾಂಕೂರಿನ ಸ್ವಾತಿತಿರುನಾಳ್ ಮಹಾರಾಜರ ಆಸ್ಥಾನದಲ್ಲಿ ಇದಕ್ಕೆ ಮನ್ನಣೆಯನ್ನು ದೊರಕಿಸಿದರು. ವಾದ್ಯದ ಆಕಾರವು ಹಾಗೆಯೇ ಉಳಿಯಿತು. ಶ್ರುತಿಮಾಡುವ ಕ್ರಮವೂ ಹಿಡಿಯುವ ಕ್ರಮವೂ ಬದಲಾದವು. ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಿದರು. ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಬಲಪಾದದ ಮೇಲೂ ಬುಡವನ್ನು ಎದೆಗೂ ಆನಿಸಿದರು. ಇದರಿಂದ ವಾದ್ಯವನ್ನು ಹೊರುವ ಭಾರವು ಎಡಗೈಗೆ ತಪ್ಪಿ, ಬೆರಳುಗಳು ತಂತಿಯ ಮೇಲೆ ತಡೆಯಿಲ್ಲದೆ ಜಾರುವಂತಾಯಿತು. ಗಮಕಕ್ಕೆ ಬೇಕಾದುದು ಈ ಸ್ವಾತಂತ್ರ್ಯವೇ.

ಗಮಕವೆಂಬುದು ಸ್ವರಕ್ಕೆ ಮೇಲಿನಿಂದ ತೊಡಿಸಿದ ಒಡವೆಯೆಂದು ತಿಳಿಯಬಾರದು. ತೋಡಿ ರಾಗದ ಗಾಂಧಾರವನ್ನು ನೋಡಿರಿ. ಅದು ಒಂದೆಡೆ ನಿಲ್ಲದೆ ರಿಷಭ ಮಧ್ಯಮಗಳ ನಡುವೆ ತೂಗುತ್ತದೆ. ಆ ತೂಗಾಟವನ್ನು ತೆಗೆದರೆ ಸ್ವರಸ್ಥಾನವು ಉಳಿದೀತು, ತೋಡಿಯು ಉಳಿಯದು. ಹಾರ್ಮೋನಿಯಮ್ಮಿನ ತೊಡಕು ಇಲ್ಲಿಯೇ ಇರುವುದು. ಅದರ ಒಂದೊಂದು ಮನೆಯೂ ಒಂದೊಂದು ಸ್ಥಿರಸ್ವರವನ್ನು ಮಾತ್ರ ನುಡಿಯುತ್ತದೆ. ನಾಟಕದ ಕಂಪೆನಿಗಳಲ್ಲಿ ಅದು ಮೆರೆಯಿತು. ಹಿಂದೂಸ್ತಾನಿ ಗಾಯನದಲ್ಲಿಯೂ ಜತೆವಾದ್ಯವಾಗಿ ನಿಂತಿತು, ಏಕೆಂದರೆ ಅಲ್ಲಿ ಮೀಂಡನ್ನು ಗಾಯಕನ ಕಂಠವೇ ನಿರ್ವಹಿಸುತ್ತದೆ. ಆಲ್ ಇಂಡಿಯಾ ರೇಡಿಯೋ ಸಂಸ್ಥೆಯು 1940ರಲ್ಲಿ ಅದನ್ನು ನಿಷೇಧಿಸಿ, 1971ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಬಾಗಿಲು ತೆರೆದ ಮೇಲೂ ಕರ್ಣಾಟಕ ಸಂಗೀತದ ಕಚೇರಿಯಲ್ಲಿ ಪಿಟೀಲಿನ ಸ್ಥಾನವು ಅದಕ್ಕೆ ಲಭಿಸಲಿಲ್ಲ. ಎರಡೂ ಯೂರೋಪಿನಿಂದ ಬಂದವೇ. ಆದುದರಿಂದ ಇಲ್ಲಿ ಪರೀಕ್ಷೆಯು ಹುಟ್ಟಿದ ದೇಶದ್ದಲ್ಲವೆಂಬುದು ಸ್ಪಷ್ಟ.

ಹಾಗಾದರೆ ಕೀಲಿಗಳುಳ್ಳ ವಾದ್ಯಕ್ಕೆ ನಮ್ಮಲ್ಲಿ ಎಡೆಯೇ ಇಲ್ಲವೆ? ಕದ್ರಿ ಗೋಪಾಲನಾಥರು (1949–2019) ಇದಕ್ಕೆ ಉತ್ತರವಿತ್ತರು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತರು; ವರ್ಷಗಟ್ಟಲೆ ಸಾಧನೆ ಮಾಡಿ, ತುಟಿ ಉಸಿರುಗಳ ಹದದಿಂದ ಅದರಲ್ಲಿಯೂ ಗಮಕವನ್ನು ನುಡಿಸಿದರು. ರಾಗವನ್ನು ವಾದ್ಯಕ್ಕಾಗಿ ಬಗ್ಗಿಸದೆ, ವಾದ್ಯವನ್ನೇ ರಾಗಕ್ಕಾಗಿ ಬಗ್ಗಿಸಿದರು.

ಪರೀಕ್ಷೆಯಲ್ಲಿ ಗೆದ್ದ ಹೊಸತೆಲ್ಲವೂ ಶಾಶ್ವತವಾಗಿ ನಿಲ್ಲಬೇಕೆಂಬ ನಿಯಮವೂ ಇಲ್ಲ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ, ಸಭೆಯ ಕೊನೆಯ ಸಾಲಿಗೂ ನಾದವು ಮುಟ್ಟಲೆಂದು ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಿಸಿ ಏಳು ತಂತಿಗಳ ವಾದ್ಯವನ್ನು ನುಡಿಸಿದರು. ಧ್ವನಿವರ್ಧಕವು ಬಂದಮೇಲೆ ಆ ಅಗತ್ಯವು ತಗ್ಗಿತು. ನಾಲ್ಕು ತಂತಿಗಳ ಪಿಟೀಲೇ ಇಂದು ರೂಢಿಯಲ್ಲಿದೆ. ಇದರಿಂದ ಚೌಡಯ್ಯನವರ ಪ್ರಯತ್ನವು ವ್ಯರ್ಥವಾಯಿತೆನ್ನಲಾಗದು. ತನ್ನ ಕಾಲದ ಕೊರತೆಯನ್ನು ಅದು ತುಂಬಿಕೊಟ್ಟಿತು.

ಈ ಕಾಲದ ಕೊರತೆಯಾದರೋ ಬೇರೆ ಬಗೆಯದು. ನಾದವು ಈಗ ಎಲ್ಲೆಡೆಗೂ ಮುಟ್ಟುತ್ತದೆ. ಆದರೆ ಹಾಡಿದ ಸ್ವರವನ್ನು ಹತ್ತಿರದ ಸ್ಥಾನಕ್ಕೆ ಎಳೆದು ನೆಟ್ಟಗೆ ನಿಲ್ಲಿಸುವ ಯಂತ್ರಗಳೂ ಬಂದಿವೆ. ತೋಡಿಯ ಗಾಂಧಾರವು ಅಂತಹ ಯಂತ್ರಕ್ಕೆ ತಪ್ಪಾಗಿ ತೋರಿದರೆ ಆಶ್ಚರ್ಯವಿಲ್ಲ. ಬಾಲ್ಯದಿಂದಲೂ ಸ್ಥಿರಸ್ವರಗಳನ್ನೇ ಕೇಳಿ ಬೆಳೆದ ಕಿವಿಗೂ ಅದು ಹಾಗೆಯೇ ತೋರೀತೆಂಬುದು ನಮ್ಮ ಆತಂಕ. ಪಿಟೀಲನ್ನು ಒಪ್ಪಿ ಹಾರ್ಮೋನಿಯಮ್ಮನ್ನು ದೂರವಿಟ್ಟ ತೀರ್ಮಾನದಲ್ಲಿ ವಿದ್ವಾಂಸರಷ್ಟೇ ಶ್ರೋತೃಗಳ ಪಾಲೂ ಇತ್ತು. ಆ ವಿವೇಕವು ಗ್ರಂಥಗಳಿಂದ ಮಾತ್ರ ಬರತಕ್ಕದ್ದಲ್ಲ, ಒಂದೇ ರಾಗವನ್ನು ಅವಸರವಿಲ್ಲದೆ ಹಲವು ಸಲ ಕೇಳುವುದರಿಂದ ಬರತಕ್ಕದ್ದು. ಹೊಸ ವಾದ್ಯಗಳು ಬರಲಿ. ಅವುಗಳನ್ನು ಅಳೆಯಬಲ್ಲ ಕಿವಿಗಳು ನಮ್ಮ ಮನೆಗಳಲ್ಲಿ ತಯಾರಾಗುತ್ತಿರಲಿ.