ಒತ್ತಕ್ಷರಕ್ಕೊಂದು ಜಾಗ

ಮೂರನೆಯ ತರಗತಿಯ ಹುಡುಗಿಯೊಬ್ಬಳು ಗಟ್ಟಿಯಾಗಿ ಪಾಠ ಓದುತ್ತಿದ್ದಳು. "ರೈತನು ಕತೆಯನ್ನು ಹೊಡೆದುಕೊಂಡು ಸಂತೆಗೆ ಹೋದನು" ಎಂದು ಓದಿ ತಟ್ಟನೆ ನಿಲ್ಲಿಸಿದಳು. "ಸಾರ್, ಕತೆಯನ್ನು ಹೇಗೆ ಹೊಡೆದುಕೊಂಡು ಹೋಗುವುದು?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು ಅವಳ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು ನೋಡಿದೆ. ಅದು ಪುಸ್ತಕದಿಂದ ಜೆರಾಕ್ಸ್ ಮಾಡಿದ ಹಾಳೆ. ಅಲ್ಲಿ ಇರಬೇಕಾದ ಪದ 'ಕತ್ತೆ'. ಆದರೆ ತಕಾರದ ಕೆಳಗಿನ ಒತ್ತು ಕೂದಲೆಳೆಯಷ್ಟು ತೆಳ್ಳಗಿದ್ದುದರಿಂದ ನಕಲಿನಲ್ಲಿ ಮೂಡಿರಲಿಲ್ಲ. ಕತ್ತೆ ಹೋಗಿ ಕತೆಯಾಗಿತ್ತು. ಹುಡುಗಿಯ ತಪ್ಪೇನೂ ಇರಲಿಲ್ಲ. ಹಾಳೆಯಲ್ಲಿ ಇದ್ದುದನ್ನೇ ಅವಳು ಓದಿದ್ದಳು.

ಮಕ್ಕಳೇ, ನೀವು ಓದುವ ಪುಸ್ತಕದ ಅಕ್ಷರಗಳು ತಾವಾಗಿಯೇ ಹುಟ್ಟಿದವಲ್ಲ. ಒಂದೊಂದು ಅಕ್ಷರವನ್ನೂ ಯಾರೋ ಒಬ್ಬರು ಕುಳಿತು, ಅಳೆದು, ತಿದ್ದಿ ಬರೆದಿರುತ್ತಾರೆ. ದೊಡ್ಡ ಅಕ್ಷರವನ್ನು ಬರೆಯುವುದು ಅವರಿಗೆ ಅಷ್ಟು ಕಷ್ಟವಲ್ಲ. ಅಕ್ಷರದ ಮೇಲೆ, ಪಕ್ಕದಲ್ಲಿ, ಕೆಳಗೆ ಬರುವ ಸಣ್ಣ ಗುರುತುಗಳೇ ಅವರಿಗೆ ನಿಜವಾದ ತಲೆನೋವು.

ಧರ್ಮಪುರಿ ಜಿಲ್ಲೆಯಲ್ಲಿರುವ ಹೊಗೇನಕ್ಕಲ್ ಜಲಪಾತದ ಹೆಸರು ನಿಮಗೆ ಗೊತ್ತೇ ಇದೆ. ಅದನ್ನು ಕನ್ನಡದಲ್ಲಿ ಬರೆದು ನೋಡಿರಿ. 'ಹೊ' ಅಕ್ಷರಕ್ಕೆ ಓತ್ವ ಇದೆ. 'ಗೇ' ಅಕ್ಷರದ ತಲೆಯ ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ. 'ಕ್ಕ' ಅಕ್ಷರದ ಕೆಳಗೆ ಒತ್ತು. 'ಲ್' ಅಕ್ಷರಕ್ಕೆ ಕೊನೆಯಲ್ಲಿ ಒಂದು ಕೊಕ್ಕೆ. ಇರುವುದು ಐದೇ ಅಕ್ಷರ. ಅಷ್ಟರಲ್ಲಿ ಮೇಲೆ, ಪಕ್ಕ, ಕೆಳಗೆ ಎಲ್ಲ ಕಡೆಯೂ ಗುರುತುಗಳು ಬಂದವು.

ಈಗ ಅದೇ ಹೆಸರನ್ನು ಬಸ್ಸಿನ ತಮಿಳು ಫಲಕದಲ್ಲಿ ನೋಡಿರಿ. ನೀವು ತಮಿಳನ್ನೂ ಕಲಿಯುತ್ತಿದ್ದೀರಿ. ತಮಿಳಿನಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಮೊದಲ ಕಕಾರದ ನೆತ್ತಿಯ ಮೇಲೆ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲಿ ಇನ್ನೊಂದು ಕಕಾರವನ್ನು ಬರೆಯುತ್ತಾರೆ. ಕೊನೆಯ ಲಕಾರದ ಮೇಲೂ ಚುಕ್ಕಿ ಇರುತ್ತದೆ. ಇದಕ್ಕೆ ಪುಳ್ಳಿ ಎಂದು ಹೆಸರು. ಹಿಂದೆ ತಾಳೆಯೋಲೆಯ ಮೇಲೆ ಕಬ್ಬಿಣದ ಕಂಠದಿಂದ ಬರೆಯುತ್ತಿದ್ದಾಗ ತಮಿಳಿನವರು ಈ ಪುಳ್ಳಿಯನ್ನು ಹೆಚ್ಚಾಗಿ ಬಿಟ್ಟುಬಿಡುತ್ತಿದ್ದರು. ಚುಕ್ಕಿ ಇಟ್ಟರೆ ಓಲೆ ತೂತಾದೀತೆಂಬ ಭಯ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಚುಕ್ಕಿ ಇಲ್ಲದ ಪದವನ್ನು ಹಿಂದುಮುಂದಿನ ಅರ್ಥ ನೋಡಿ ಊಹಿಸಿ ಓದಬೇಕಾಗಿತ್ತು. ಪಂಡಿತರಿಗೆ ಅದು ಸಾಧ್ಯ. ಈಗತಾನೆ ಓದಲು ಕಲಿಯುವ ಮಗುವಿಗೆ ಹೇಗೆ ಸಾಧ್ಯ?

ಕನ್ನಡದಲ್ಲಿಯೂ ಹಾಗೆ ಊಹಿಸಬೇಕಾದ ಕಾಲವೊಂದಿತ್ತು. ಒಂಬತ್ತನೆಯ ಶತಮಾನದಲ್ಲಿ ಧರ್ಮಪುರಿಯನ್ನು ನೊಳಂಬ ಅರಸರು ಆಳುತ್ತಿದ್ದರು. ಊರಿನ ಆಗಿನ ಹೆಸರು ತಗಡೂರು. ಅವರ ಕಾಲದ ಕನ್ನಡ ಶಾಸನಗಳು ಇಲ್ಲಿ ದೊರೆತಿವೆ. ಅಂಥ ಹಳೆಯ ಶಾಸನಗಳಲ್ಲಿ ಎ ಮತ್ತು ಏ, ಒ ಮತ್ತು ಓ ಇವುಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಗುರುತು ಇರುವುದಿಲ್ಲ. ದೀರ್ಘದ ಗುರುತು ಆಮೇಲೆ ಬಂದಿತು. ಅದು ಇಲ್ಲದಿದ್ದರೆ ಏನಾಗುತ್ತದೆ? 'ಕೇರೆ' ಹರಿದು 'ಕೆರೆ' ಸೇರುತ್ತದೆ. ಹಸುವಿನ 'ಕೋಡು' ಹೋಗಿ 'ಕೊಡು' ಎಂದಾಗುತ್ತದೆ.

ಇನ್ನು ಅಲ್ಪಪ್ರಾಣ, ಮಹಾಪ್ರಾಣಗಳ ಮಾತು. 'ದ' ಅಕ್ಷರಕ್ಕೂ 'ಧ' ಅಕ್ಷರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಪ, ಫ, ಬ, ಭ, ಡ, ಢ ಇವುಗಳಲ್ಲಿಯೂ ಹಾಗೆಯೇ. ಒರಟು ಕಾಗದದ ಮೇಲೆ ಶಾಯಿ ಸ್ವಲ್ಪ ಹರಡುತ್ತದೆ. ಸೀಳು ಕಿರಿದಾಗಿದ್ದರೆ ಶಾಯಿ ತುಂಬಿ ಮುಚ್ಚಿಹೋಗುತ್ತದೆ. ಆಗ 'ಧನ' ಎಂಬುದು 'ದನ' ಆಗುತ್ತದೆ. ಹಳ್ಳಿಯಲ್ಲಿ ದನವೇ ಧನ ಎಂಬುದು ಬೇರೆ ಮಾತು! ಎಲ್ಲಕ್ಕಿಂತ ಕಷ್ಟವಾದುದು ಈ ಸೀಳು ಒತ್ತಕ್ಷರದೊಳಗೆ ಬಂದಾಗ. 'ಉದ್ದ' ಎಂಬಲ್ಲಿ ದಕಾರದ ಒತ್ತು, 'ಶುದ್ಧ' ಎಂಬಲ್ಲಿ ಧಕಾರದ ಒತ್ತು. ಒತ್ತೇ ಸಣ್ಣದು, ಅದರೊಳಗಿನ ಸೀಳು ಇನ್ನೂ ಸಣ್ಣದು. ಶುದ್ಧವಾಗಿ ಬರೆಯುವ ಮಕ್ಕಳು ಕೂಡ 'ಶುದ್ಧ' ಎಂಬ ಪದವನ್ನು ತಪ್ಪಾಗಿ ಬರೆಯುವುದನ್ನು ನಾನು ನೋಡಿದ್ದೇನೆ. ಪುಸ್ತಕದಲ್ಲಿಯೇ ಅದು ಸರಿಯಾಗಿ ಕಾಣದಿದ್ದರೆ ಅವರು ಬೇರೆಲ್ಲಿ ನೋಡಿ ಕಲಿಯಬೇಕು?

ಮೊದಲು ಪುಸ್ತಕಗಳನ್ನು ಅಚ್ಚುಮೊಳೆಗಳಿಂದ ಮುದ್ರಿಸುತ್ತಿದ್ದರು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಹಿಂದುಮುಂದಾಗಿ, ಕನ್ನಡಿಯಲ್ಲಿ ಕಾಣುವಂತೆ ಕೆತ್ತಬೇಕು. ಅದನ್ನು ತಾಮ್ರದ ತುಂಡಿಗೆ ಹೊಡೆದು ಗುಳಿ ಮಾಡಬೇಕು. ಆ ಗುಳಿಗೆ ಕರಗಿಸಿದ ಸೀಸವನ್ನು ಎರೆದರೆ ಒಂದು ಮೊಳೆ ಸಿದ್ಧವಾಗುತ್ತದೆ. ಸೀಸ ಮಾತ್ರವಿದ್ದರೆ ಮೆತ್ತಗಾಗುತ್ತದೆಂದು ಅದರಲ್ಲಿ ತವರ ಮತ್ತು ಆಂಟಿಮನಿ ಎಂಬ ಲೋಹಗಳನ್ನು ಬೆರೆಸುತ್ತಿದ್ದರು. 1817ರಲ್ಲಿ ವಿಲಿಯಂ ಕೇರಿ ಎಂಬವರು ಬರೆದ ಕನ್ನಡ ವ್ಯಾಕರಣದ ಪುಸ್ತಕ ಹೀಗೆ ಅಚ್ಚಾಯಿತು. ಅಚ್ಚಾದ ಊರು ಬಹಳ ದೂರದ ಬಂಗಾಳದ ಶ್ರೀರಾಮಪುರ!

ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಮೊಳೆಗಳನ್ನು ಬಳಸಲಿಲ್ಲ. ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಕೈಯಿಂದ ಬರೆದುದೇ ಮೂಡುತ್ತದೆ. ಆದ್ದರಿಂದ ಒತ್ತು ಎಲ್ಲಿ ಬೇಕೋ ಅಲ್ಲಿಗೆ ಸರಾಗವಾಗಿ ಬರುತ್ತದೆ. ಮೊಳೆಗೆ ಆ ಸುಖವಿಲ್ಲ. ಮೊಳೆ ಎಂದರೆ ಒಂದು ಚೌಕದ ತುಂಡು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಡಬಹುದು. ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ತೂರಿಸಲಾಗದು.

ಹಾಗಾದರೆ ಪ್ರತಿಯೊಂದು ಒತ್ತಕ್ಷರಕ್ಕೂ ಒಂದೊಂದು ಮೊಳೆ ಮಾಡಬಹುದಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿರಿ. ಕನ್ನಡದಲ್ಲಿ ವ್ಯಂಜನಗಳು 34. ಪ್ರತಿಯೊಂದರ ಕೆಳಗೂ 34 ಒತ್ತುಗಳನ್ನು ಇಟ್ಟರೆ 1156 ಆಗುತ್ತದೆ. ಇವುಗಳಲ್ಲಿ ಬಳಕೆಗೆ ಬಾರದವು ಬಹಳ, ನಿಜ. ಆದರೆ ಬಳಕೆಯಲ್ಲಿ ಇರುವವಕ್ಕೆ ಕಾಗುಣಿತವನ್ನೂ ಸೇರಿಸಬೇಕು. ಅಷ್ಟು ಮೊಳೆಗಳನ್ನು ಇಡಲು ಪೆಟ್ಟಿಗೆ ಎಲ್ಲಿದೆ? ಮೊಳೆ ಜೋಡಿಸುವವನ ಕೈ ಎಲ್ಲಿಯವರೆಗೆ ಚಾಚೀತು? ಆದ್ದರಿಂದ ಒತ್ತುಗಳಿಗೆ ಬೇರೆ ಮೊಳೆಗಳನ್ನು ಮಾಡಿ, ಅಕ್ಷರದ ಪಕ್ಕದಲ್ಲಿ ತುಸು ಕೆಳಗೆ ಬರುವಂತೆ ಜೋಡಿಸುತ್ತಿದ್ದರು.

ಈಗ ಕಂಪ್ಯೂಟರ್ ಬಂದಿದೆ. ಸೀಸದ ಮೊಳೆ ಇಲ್ಲ, ಚೌಕದ ಕಟ್ಟು ಇಲ್ಲ. 1991ರಲ್ಲಿ ಬಂದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಲೋಕದ ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಕನ್ನಡಕ್ಕೂ ಅದರಲ್ಲಿ ಜಾಗವಿದೆ. ಆದರೆ 'ಕ್ಕ' ಎಂಬುದಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲ. ಕ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ಮತ್ತೆ ಕ, ಹೀಗೆ ಮೂರು ಸಂಖ್ಯೆಗಳು ಸಾಲಾಗಿ ಬರುತ್ತವೆ. ಅವನ್ನು ಕಂಡ ಕೂಡಲೇ ಎರಡನೆಯ ಕಕಾರವನ್ನು ಒತ್ತು ಮಾಡಿ ಕೆಳಗೆ ಇಳಿಸುವುದು ಅಕ್ಷರಶೈಲಿಯ ಕೆಲಸ. ಅದನ್ನು ಫಾಂಟ್ ಎಂದೂ ಕರೆಯುತ್ತಾರೆ. ಒತ್ತು ಎಷ್ಟು ದೊಡ್ಡದಿರಬೇಕು, ಎಷ್ಟು ಕೆಳಗೆ ಇರಬೇಕು ಎಂಬುದನ್ನು ಮಾತ್ರ ಯಂತ್ರ ತಾನಾಗಿ ತಿಳಿಯದು. ಅದನ್ನು ಅಕ್ಷರ ಬರೆದವರೇ ಹೇಳಿಕೊಡಬೇಕು.

ಇಲ್ಲೇ ಒಂದು ಗುಟ್ಟು ಇದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ದೊಡ್ಡ 'ಕ' ಬರೆಯಿರಿ. ಅದೇ ಸೀಮೆಸುಣ್ಣದಿಂದ ಒಂದು ಚಿಕ್ಕ 'ಕ' ಬರೆಯಿರಿ. ಎರಡರ ಗೆರೆಯೂ ಒಂದೇ ದಪ್ಪ ಇರುತ್ತದೆ. ಆದರೆ ದೊಡ್ಡ ಅಕ್ಷರವನ್ನು ಯಂತ್ರದಲ್ಲಿ ಅರ್ಧಕ್ಕೆ ಕುಗ್ಗಿಸಿದರೆ ಅದರ ಗೆರೆಯ ದಪ್ಪವೂ ಅರ್ಧವಾಗುತ್ತದೆ. ಅವಸರದಲ್ಲಿ ಮಾಡಿದ ಅಕ್ಷರಶೈಲಿಗಳಲ್ಲಿ ಒತ್ತು ತೆಳ್ಳಗಾಗುವುದು ಹೀಗೆ. ನಮ್ಮ ಕತ್ತೆ ಕಾಣೆಯಾದುದೂ ಇಂಥ ತೆಳುವಿನಿಂದಲೇ. ಬಲ್ಲವರು ಕುಗ್ಗಿಸುವುದಿಲ್ಲ. ಒತ್ತನ್ನು ಬೇರೆಯಾಗಿ, ಸೀಮೆಸುಣ್ಣದಲ್ಲಿ ಬರೆದಂತೆ ಗೆರೆ ದಪ್ಪಗಿಟ್ಟು ಬರೆಯುತ್ತಾರೆ. ಒಳಗಿನ ಬಯಲನ್ನೂ ಸೀಳನ್ನೂ ಸ್ವಲ್ಪ ಅಗಲ ಮಾಡುತ್ತಾರೆ. ತ, ನ, ಮ, ಯ, ರ, ಲ ಈ ಆರು ಅಕ್ಷರಗಳ ಒತ್ತುಗಳಿಗೆ ಮೂಲ ಅಕ್ಷರದ ರೂಪವೇ ಇಲ್ಲ. ಅವುಗಳನ್ನಂತೂ ಹೊಸದಾಗಿಯೇ ಬರೆಯಬೇಕು.

ಇಂಥ ಕಷ್ಟ ನಮಗೆ ಮಾತ್ರ ಎಂದುಕೊಳ್ಳಬೇಡಿ. ವಿಯೆಟ್ನಾಂ ಎಂಬ ದೇಶವಿದೆ. ಅಲ್ಲಿಯವರು ನಮ್ಮಂತೆಯೇ ಭತ್ತ ಬೆಳೆದು ಅನ್ನ ಉಣ್ಣುವವರು. ಅವರು ಇಂಗ್ಲಿಷ್ ಅಕ್ಷರಗಳಂಥ ಅಕ್ಷರಗಳಲ್ಲಿ ಬರೆಯುತ್ತಾರೆ. ಅವರ ಮಾತಿನಲ್ಲಿ ಆರು ಬಗೆಯ ಸ್ವರದ ಏರಿಳಿತಗಳಿವೆ. ಒಂದೇ ಪದವನ್ನು ಏರಿಸಿ ಹೇಳಿದರೆ ಒಂದು ಅರ್ಥ, ಇಳಿಸಿ ಹೇಳಿದರೆ ಇನ್ನೊಂದು. 'ಮಾ' ಎಂಬ ಪದವನ್ನು ಗುರುತಿಲ್ಲದೆ ಬರೆದರೆ ದೆವ್ವ ಎಂದು ಅರ್ಥ. ಅದರ ಮೇಲೆ ಒಂದು ಓರೆ ಗೆರೆ ಎಳೆದರೆ ಅಮ್ಮ. ಗೆರೆ ತೆಗೆದು ಕೆಳಗೆ ಚುಕ್ಕಿ ಇಟ್ಟರೆ ಭತ್ತದ ಸಸಿ. ಆ ಓರೆ ಗೆರೆ ಮಾಸಿಹೋದರೆ ಅಮ್ಮ ದೆವ್ವವಾಗುತ್ತಾಳೆ! ಅವರ ಸ್ವರಾಕ್ಷರಗಳು 12, ಏರಿಳಿತಗಳು ಆರು. ಆದ್ದರಿಂದ ಸ್ವರಗಳ ರೂಪಗಳೇ 72. ಕೆಲವು ಸ್ವರಗಳ ತಲೆಯ ಮೇಲೆ ಟೋಪಿಯಂಥ ಗುರುತು ಮೊದಲೇ ಇರುತ್ತದೆ. ಅದರ ಮೇಲೋ ಪಕ್ಕದಲ್ಲೋ ಏರಿಳಿತದ ಗುರುತನ್ನು ಇಡಬೇಕು. 1651ರಲ್ಲಿ ರೋಮ್ ನಗರದಲ್ಲಿ ಅಚ್ಚಾದ ಅಲೆಕ್ಸಾಂಡ್ರ್ ದ ರೋಡ್ ಎಂಬ ಪಾದ್ರಿಯ ನಿಘಂಟಿನಲ್ಲಿಯೇ ಈ ಗುರುತುಗಳಿವೆ. ಅಂದಿನಿಂದ ಇಂದಿನವರೆಗೂ ಅಲ್ಲಿನ ಅಕ್ಷರ ಬರೆಯುವವರು ಟೋಪಿಯ ಮೇಲಿನ ಗೆರೆಗೆ ಜಾಗ ಹುಡುಕುತ್ತಿದ್ದಾರೆ. ನಮ್ಮವರು ಕೆಳಗೆ ಹುಡುಕಿದರೆ ಅವರು ಹೆಚ್ಚಾಗಿ ಮೇಲೆ ಹುಡುಕುತ್ತಾರೆ, ಅಷ್ಟೆ.

ತಮಿಳಿನಲ್ಲಿ ಇನ್ನೊಂದು ದಾರಿ ಹಿಡಿದರು. ಕಷ್ಟವಾದ ಕೆಲವು ರೂಪಗಳನ್ನೇ ಬಿಟ್ಟುಬಿಟ್ಟರು. ಮೊದಲು 'ಲೈ', 'ನೈ' ಮುಂತಾದ ಕೆಲವು ಅಕ್ಷರಗಳಿಗೆ ಆನೆಯ ಸೊಂಡಿಲಿನಂತೆ ಬಾಗಿದ ಗುರುತು ಇತ್ತು. ತಮಿಳಿನ 'ಯಾನೈ' ಎಂದರೆ ಆನೆ. ಆ ಪದದಲ್ಲಿಯೂ ಸೊಂಡಿಲು ಇತ್ತು! ಪೆರಿಯಾರ್ ಅವರು ತಮ್ಮ 'ಕುಡಿ ಅರಸು' ಪತ್ರಿಕೆಯಲ್ಲಿ 1935ರಿಂದಲೇ ಸರಳ ರೂಪಗಳನ್ನು ಬಳಸಿದರು. ತಮಿಳುನಾಡು ಸರ್ಕಾರವು 1978ರಲ್ಲಿ ಅವನ್ನು ಒಪ್ಪಿಕೊಂಡಿತು. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ತಮಿಳು ಪುಸ್ತಕವಿದ್ದರೆ ಆ ಸೊಂಡಿಲನ್ನು ಹುಡುಕಿ ನೋಡಿರಿ. ಕನ್ನಡದಲ್ಲಿ ನಾವು ಹಾಗೆ ಒತ್ತನ್ನು ಬಿಡಲಾರೆವು. ಬಿಟ್ಟರೆ ಅಕ್ಕನೂ ಇಲ್ಲ, ಅಣ್ಣನೂ ಇಲ್ಲ.

ಆದ್ದರಿಂದ ಕನ್ನಡದ ಒಂದೊಂದು ಸಾಲೂ ಮೂರು ಅಂತಸ್ತಿನ ಮನೆ. ಮೇಲೆ ಗುಡಿಸು, ಏತ್ವಗಳು. ನಡುವೆ ಅಕ್ಷರ. ಕೆಳಗೆ ಒತ್ತು. 'ರಾಷ್ಟ್ರ' ಎಂಬ ಪದದಲ್ಲಿ ಒತ್ತುಗಳೇ ಎರಡು. ಸಾಲುಗಳನ್ನು ಹತ್ತಿರ ಹತ್ತಿರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೂರ ಇಟ್ಟರೆ ಪುಟಗಳು ಹೆಚ್ಚುತ್ತವೆ. ಪುಟ ಹೆಚ್ಚಿದರೆ ಪುಸ್ತಕ ಭಾರವಾಗುತ್ತದೆ, ಹೊರುವವರು ನೀವೇ. ಪಾಠಪುಸ್ತಕದ ಕರಡಚ್ಚು ತಿದ್ದಲು ಕುಳಿತಾಗಲೆಲ್ಲ ಈ ಜಗ್ಗಾಟ ಇದ್ದೇ ಇರುತ್ತದೆ. ಜಾಗ ಸಾಲದಿದ್ದರೆ ಪಾಠದ ನಾಲ್ಕು ವಾಕ್ಯ ಕಡಿಮೆ ಮಾಡೋಣ, ಸಾಲುಗಳ ನಡುವಿನ ಬಯಲನ್ನು ಮಾತ್ರ ಮುಟ್ಟುವುದು ಬೇಡ ಎಂಬುದು ನನ್ನ ಮಾತು. ಎಲ್ಲರೂ ಒಪ್ಪುವುದಿಲ್ಲ.

ಈಗ ಒಂದು ಆಟ ಆಡಿರಿ. 'ಕೃಷ್ಣಗಿರಿ' ಎಂದು ದೊಡ್ಡದಾಗಿ ಬರೆಯಿರಿ. ಒಂದು ಪಟ್ಟಿಯಿಂದ ಅಕ್ಷರಗಳ ಕೆಳಗಿನ ಒತ್ತನ್ನೂ ವಟ್ರಸುಳಿಯನ್ನೂ ಮುಚ್ಚಿ, ಕಂಡಷ್ಟನ್ನು ಓದಿರಿ. ಆಮೇಲೆ ಪಟ್ಟಿಯನ್ನು ಸರಿಸಿ ತಲೆಯ ಮೇಲಿನ ಗುಡಿಸುಗಳನ್ನು ಮುಚ್ಚಿ ಓದಿರಿ. 'ಧರ್ಮಪುರಿ', 'ಸೇಲಂ', 'ಹೊಸೂರು' ಇವುಗಳನ್ನೂ ಹೀಗೆಯೇ ನೋಡಿ, ಕೊನೆಗೆ ನಿಮ್ಮ ಊರಿನ ಹೆಸರನ್ನು ಬರೆದು ಪಕ್ಕದಲ್ಲಿ ಕುಳಿತವರಿಗೆ ಕೊಡಿರಿ. ಯಾವ ಗುರುತು ಮುಚ್ಚಿದಾಗ ಅವರು ನಿಮ್ಮ ಊರನ್ನು ತಪ್ಪಾಗಿ ಓದಿದರು?