ಸ್ಟೆಪ್ ಪೋಲ್‌ಕ್ಯಾಟ್: ಅದರ ರೂಪ, ನೆಲೆ ಮತ್ತು ಆಹಾರ

ಹೊಲದಲ್ಲಿ ಕಾಣುವ ಕಾಡುಪ್ರಾಣಿಗಳೆಲ್ಲವೂ ವ್ಯವಸಾಯಗಾರನಿಗೆ ಶತ್ರುಗಳಲ್ಲ. ಬೆಳೆಯನ್ನು ತಿನ್ನುವ ಪ್ರಾಣಿ ಬೇರೆ. ಅಂಥ ಪ್ರಾಣಿಯನ್ನು ಹಿಡಿದು ತಿನ್ನುವ ಪ್ರಾಣಿ ಬೇರೆ. ಈ ಭೇದವನ್ನು ಅರಿಯದೆ ನಡೆದುಕೊಂಡರೆ ಏನಾಗುವುದೆಂಬುದಕ್ಕೆ ಸ್ಟೆಪ್ ಪೋಲ್‌ಕ್ಯಾಟ್ ಮತ್ತು ಅದರ ಬಳಗದ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

ಮರಗಳಿಲ್ಲದೆ ಗಾವುದಗಟ್ಟಲೆ ಹರಡಿರುವ ಹುಲ್ಲುಬಯಲಿಗೆ ಸ್ಟೆಪ್ ಎಂದು ಹೆಸರು. ಈ ಪ್ರಾಣಿಯ ವಾಸವು ಅಲ್ಲಿಯೇ. ಪಶ್ಚಿಮದಲ್ಲಿ ಆಸ್ಟ್ರಿಯಾ, ಹಂಗೆರಿಗಳಿಂದ ಮೊದಲುಗೊಂಡು ಉಕ್ರೇನ್, ದಕ್ಷಿಣ ರಷ್ಯಾ, ಕಜಾಕಸ್ತಾನ, ಮಂಗೋಲಿಯಾಗಳ ಮೂಲಕ ಚೀಣಾದೇಶದವರೆಗೆ ಇದು ಹಬ್ಬಿದೆ. ದಟ್ಟವಾದ ಅರಣ್ಯವನ್ನು ಇದು ಸೇರುವುದಿಲ್ಲ. ೧೮೨೭ರಲ್ಲಿ ಫ್ರೆಂಚ್ ವಿದ್ವಾಂಸ ಲೆಸನ್ನರು ರಷ್ಯಾದ ಪ್ರಕೃತಿಶಾಸ್ತ್ರಜ್ಞ ಎವರ್ಸ್‌ಮನ್ನರ ಗೌರವಾರ್ಥವಾಗಿ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತರು. ನಮ್ಮ ತುಂಗಭದ್ರೆಯಲ್ಲಿ ಕಾಣುವ ನೀರುನಾಯಿಯು ಇದೇ ಕುಟುಂಬಕ್ಕೆ ಸೇರಿದುದು.

ಇದರ ಶರೀರವು ನೀಳವಾಗಿಯೂ ಕಾಲುಗಳು ಗಿಡ್ಡವಾಗಿಯೂ ಇರುವುವು. ಗಂಡಿನ ಉದ್ದವು ಸುಮಾರು ೧೩ರಿಂದ ೨೨ ಅಂಗುಲ. ಬಾಲವು ೩ರಿಂದ ೭ ಅಂಗುಲ. ದೊಡ್ಡ ಗಂಡು ನಾಲ್ಕೂವರೆ ಪೌಂಡುಗಳವರೆಗೆ ತೂಗುವುದುಂಟು. ಹೆಣ್ಣು ಅದಕ್ಕಿಂತ ಚಿಕ್ಕದು. ಮೈಬಣ್ಣವು ಒಣಹುಲ್ಲಿನಂತೆ ನಸುಹಳದಿ. ಎದೆ, ಕಾಲುಗಳು ಮತ್ತು ಬಾಲದ ತುದಿಯು ಕಪ್ಪು. ಬಿಳಿಯ ಮುಖದಲ್ಲಿ ಕಣ್ಣುಗಳ ಸುತ್ತ ಮುಖವಾಡ ಕಟ್ಟಿದಂತೆ ಕಂದು ಪಟ್ಟೆಯಿರುವುದು. ಭಯವಾದಾಗ ಬಾಲದ ಬುಡದ ಗ್ರಂಥಿಗಳಿಂದ ದುರ್ಗಂಧವನ್ನು ಹೊರಡಿಸುವುದು.

ಇನ್ನು ಆಹಾರದ ವಿಷಯ. ಹ್ಯಾಮ್‌ಸ್ಟರ್, ಹೊಲದ ಇಲಿ, ಹಕ್ಕಿ, ಹಲ್ಲಿ ಮೊದಲಾದುವನ್ನು ಇದು ತಿನ್ನುವುದಾದರೂ ಅನೇಕ ಪ್ರದೇಶಗಳಲ್ಲಿ ಮುಖ್ಯಾಹಾರವು ಸೂಸ್ಲಿಕ್ ಎಂಬ ನೆಲದಳಿಲು. ನೀಳವಾದ ಮೈಯುಳ್ಳುದರಿಂದ ಬಿಲದೊಳಕ್ಕೇ ನುಗ್ಗಿ ಅದನ್ನು ಹಿಡಿಯುವುದು. ಚಳಿಗಾಲದಲ್ಲಿ ಸೂಸ್ಲಿಕ್ಕುಗಳು ನೆಲದೊಳಗೆ ದೀರ್ಘನಿದ್ರೆಯಲ್ಲಿರುವಾಗ ಮಣ್ಣನ್ನು ಅಗೆದು ಅವನ್ನು ಕೊಲ್ಲುವುದು. ಬಳಿಕ ಆ ಬಿಲವನ್ನೇ ಅಗಲಮಾಡಿಕೊಂಡು ತಾನು ವಾಸಿಸುವುದೂ ಉಂಟು. ಮಿಗುವ ಬೇಟೆಯನ್ನು ಬಿಲದಲ್ಲಿ ಕೂಡಿಡುವುದು.

ಸೂಸ್ಲಿಕ್ಕು ಬಿತ್ತಿದ ಕಾಳನ್ನೂ ಎಳೆಯ ಗೋಧಿಯನ್ನೂ ತಿಂದು ಹಾಳುಮಾಡುವುದು. ಅಷ್ಟೇ ಅಲ್ಲ, ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿನಲ್ಲಿ ಪ್ಲೇಗಿನ ಕ್ರಿಮಿಯು ಅದರಲ್ಲಿಯೂ ಅದರ ಚಿಗಟಗಳಲ್ಲಿಯೂ ನೆಲಸಿರುವುದು. ೧೮೯೮ರಲ್ಲಿ ಬೆಂಗಳೂರನ್ನು ಪೀಡಿಸಿದ ಪ್ಲೇಗಿನ ಕಥೆಯನ್ನು ಹಿರಿಯರಿಂದ ಕೇಳಿರುವವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.

ಹೀಗಿದ್ದರೂ ಪೋಲ್‌ಕ್ಯಾಟನ್ನು ಜನರು ತುಪ್ಪಳಕ್ಕಾಗಿ ಬೇಟೆಯಾಡಿದರು. ೧೯೫೪ರಿಂದ ಕಜಾಕಸ್ತಾನ ಮೊದಲಾದೆಡೆಗಳಲ್ಲಿ ಕೋಟ್ಯಂತರ ಎಕರೆ ಹುಲ್ಲುಬಯಲನ್ನು ಉತ್ತರು. ಹುಲ್ಲುಬಯಲು ಹೋದರೆ ಸೂಸ್ಲಿಕ್ಕು ಹೋಗುವುದು. ಅದರೊಡನೆ ಪೋಲ್‌ಕ್ಯಾಟಿನ ಆಹಾರವೂ ಹೋಗುವುದು. ಯೂರೋಪಿನ ಹಲವು ಕಡೆ ಇದು ಈಗ ವಿರಳವಾಗಿದೆ.

ಇದರ ಹತ್ತಿರದ ಬಂಧುವಾದ ಅಮೆರಿಕದ ಕರಿಗಾಲು ಫೆರೆಟ್ಟಿನ ಗತಿಯು ಇನ್ನೂ ಶೋಚನೀಯವಾಯಿತು. ಹುಲ್ಲನ್ನು ತಿನ್ನುವುವೆಂದು ಅಲ್ಲಿನ ನೆಲದಳಿಲುಗಳಿಗೆ ದಶಕಗಳ ಕಾಲ ವಿಷವಿಟ್ಟರು. ಆಹಾರವಿಲ್ಲದೆಯೂ ರೋಗಗಳಿಂದಲೂ ಫೆರೆಟ್ಟುಗಳು ಅಳಿದು, ನಿರ್ವಂಶವಾದುವೆಂದೇ ಜನರು ಭಾವಿಸಿದರು. ೧೯೮೧ರಲ್ಲಿ ವಯೋಮಿಂಗ್ ಪ್ರಾಂತದಲ್ಲಿ ಕೆಲವು ಸಿಕ್ಕಿದುವು. ೧೯೮೭ರ ವೇಳೆಗೆ ಉಳಿದಿದ್ದ ೧೮ನ್ನು ಹಿಡಿದು ಸಾಕಿ, ೧೯೯೧ರಿಂದ ಅವುಗಳ ಸಂತತಿಯನ್ನು ಬಯಲಿಗೆ ಬಿಡಲಾಯಿತು. ಬಿಡುವ ಕ್ರಮವನ್ನು ಮೊದಲು ಸ್ಟೆಪ್ ಪೋಲ್‌ಕ್ಯಾಟಿನ ಮೇಲೆಯೇ ಪರೀಕ್ಷಿಸಿ ಕಲಿತರು. ಕಳೆದುಕೊಳ್ಳುವುದು ಸುಲಭ, ಮರಳಿ ಪಡೆಯುವುದು ಬಹು ಕಷ್ಟವೆಂಬುದು ಇದರಿಂದ ವ್ಯಕ್ತವಾಗುವುದು.

ನಮ್ಮ ಸೀಮೆಯಲ್ಲಿ ಪೋಲ್‌ಕ್ಯಾಟ್ ಇಲ್ಲವಾದರೂ ಭತ್ತ, ಕಬ್ಬು, ಕಡಲೆಕಾಯಿಗಳ ಹೊಲದಲ್ಲಿ ಇಲಿ ಹೆಗ್ಗಣಗಳನ್ನು ಹಿಡಿಯುವ ಮುಂಗುಸಿ, ಗೂಬೆ, ಕೇರೆಹಾವು, ಕಾಡುಬೆಕ್ಕುಗಳು ಇವೆ. ಗ್ರಾಮದ ಮುಖಂಡರೂ ಜಮೀನುದಾರರೂ ಇವನ್ನು ಕೊಲ್ಲದಂತೆ ತಮ್ಮ ಊರಿನವರಿಗೆ ತಿಳಿಹೇಳಬೇಕು. ಇಲಿಗೆ ವಿಷವಿಡುವುದು ಅನಿವಾರ್ಯವಾದಲ್ಲಿ, ಸತ್ತ ಇಲಿಗಳನ್ನು ಪ್ರತಿದಿನವೂ ಆಯ್ದು ಆಳವಾಗಿ ಹೂಳಿಸತಕ್ಕದ್ದು. ವಿಷ ತಿಂದ ಇಲಿಯನ್ನು ಗೂಬೆಯಾಗಲಿ ಮುಂಗುಸಿಯಾಗಲಿ ತಿಂದು ಸತ್ತರೆ, ಕೂಲಿಯಿಲ್ಲದೆ ದುಡಿಯುತ್ತಿದ್ದ ಕಾವಲುಗಾರನನ್ನು ನಾವೇ ಕಳೆದುಕೊಂಡಂತಾಗುವುದು.